ಸಾಕಬಲ್ಲಷ್ಟು

ಕೈಗೆಟುಕದ ವಸ್ತುವಿನ ಬಗ್ಗೆ ಮನುಷ್ಯ ಹೆಚ್ಚು ಯೋಚಿಸುವುದಿಲ್ಲ. ಅದು ಬೇರೆಯವರ ಲೋಕಕ್ಕೆ ಸೇರಿದ್ದೆಂದು ಮನಸ್ಸು ತಾನಾಗಿಯೇ ಅದನ್ನು ಬದಿಗಿಡುತ್ತದೆ. ಅದೇ ವಸ್ತು ಒಂದು ದಿನ ಅಂಗಳದ ಅಂಚಿಗೆ ಬಂದು ನಿಂತಾಗ ಬೇಕು ಬೇಡಗಳ ನಿಜವಾದ ಪರೀಕ್ಷೆ ಆರಂಭವಾಗುತ್ತದೆ. ಕಂಪಲಾಪುರದ ಮಾರುಕಟ್ಟೆಯಲ್ಲಿ ಹೊಗೆಸೊಪ್ಪಿನ ಹರಾಜು ಮುಗಿಯುತ್ತ ಬಂದಿದ್ದ ಹೊತ್ತಿನಲ್ಲಿ ಅಂಥದೊಂದು ಪರೀಕ್ಷೆ ಬೈಲಕುಪ್ಪೆಯ ಪಕ್ಕದ ನಮ್ಮ ಮನೆಗೂ ಬಂದಿತು.

ಬೆಂಗಳೂರಿನಲ್ಲಿರುವ ಮಗ ಫೋನ್ ಮಾಡಿ, ಜರ್ಮನ್ ಕಂಪನಿಯೊಂದರ ದೊಡ್ಡ ಎಲೆಕ್ಟ್ರಿಕ್ ಕಾರು ಮಾರಾಟಕ್ಕಿದೆ ಎಂದ. ನಾಲ್ಕು ವರ್ಷ ಹಳೆಯದು, ಒಬ್ಬರೇ ಓಡಿಸಿದ್ದು. ಹೊಸದಾಗಿದ್ದಾಗ ಕೋಟಿಗೂ ಮೀರಿದ ಬೆಲೆ. ಈಗ ಕೇಳುತ್ತಿರುವುದು ಮೂವತ್ತೆಂಟು ಲಕ್ಷ. ಅರ್ಧ ತಾನು ಹಾಕುತ್ತೇನೆ, ಉಳಿದರ್ಧಕ್ಕೆ ನನ್ನ ನಿವೃತ್ತಿಯ ಹಣವೂ ಶುಂಠಿಯಲ್ಲಿ ಉಳಿದದ್ದೂ ಸಾಕು ಎಂಬುದು ಅವನ ಲೆಕ್ಕ. 2023ರಲ್ಲಿ ಶುಂಠಿ ಚೀಲಕ್ಕೆ ಹತ್ತು ಸಾವಿರ ದಾಟಿದ ವರ್ಷ ನಮ್ಮ ಕಡೆಯ ಎಷ್ಟೋ ಮನೆಗಳಿಗೆ ಎರಡನೆಯ ಮಹಡಿ ಬಂದಿತ್ತು. ನಾವು ಆ ದುಡ್ಡನ್ನು ಮುಟ್ಟಿರಲಿಲ್ಲ. "ಅಪ್ಪ, ಅಜ್ಜಿನ ತಿಂಗಳು ತಿಂಗಳು ಮೈಸೂರಿಗೆ ಕರ್ಕೊಂಡು ಹೋಗ್ತೀರಲ್ಲ, ಆ ಹಳೇ ಡಬ್ಬದಲ್ಲಿ ಅವರ ಬೆನ್ನು ಏನಾಗ್ಬೇಕು?" ಎಂದು ಕೇಳಿದ. ಅದು ಸುಮ್ಮನೆ ತಳ್ಳಿಹಾಕುವ ಮಾತಾಗಿರಲಿಲ್ಲ.

ಬೆಲೆ ಇಷ್ಟು ಇಳಿದದ್ದು ಹೇಗೆಂಬುದು ನನ್ನ ಮೊದಲ ಕುತೂಹಲ. ನಮ್ಮ ದೇಶಕ್ಕೆ ಐಷಾರಾಮಿ ಎಲೆಕ್ಟ್ರಿಕ್ ಕಾರುಗಳು ಒಂದು ಗುಂಪಾಗಿ ಬಂದದ್ದು ಈಚೆಗೆ. 2020ರ ಅಕ್ಟೋಬರಿನಲ್ಲಿ ಮರ್ಸಿಡಿಸ್‌ನ ಇಕ್ಯೂಸಿ, 2021ರಲ್ಲಿ ಜಾಗ್ವಾರ್‌ನ ಐ-ಪೇಸ್, ಔಡಿಯ ಇ-ಟ್ರಾನ್. ಎಲ್ಲವೂ ಒಂದು ಕೋಟಿಯ ಆಸುಪಾಸಿನವು. ಇಂಥ ಕಾರು ಕೊಳ್ಳಬಲ್ಲವರು ಹೊಸದನ್ನೇ ಕೊಳ್ಳುತ್ತಾರೆ. ಹಳೆಯದನ್ನು ಕೊಳ್ಳಲು ಮುಂದಾಗುವವರಿಗೆ ಬ್ಯಾಟರಿಯ ಭಯ. ಅಷ್ಟರಲ್ಲಿ ಇನ್ನೂ ದೂರ ಓಡುವ, ಇನ್ನೂ ಬೇಗ ಚಾರ್ಜ್ ಆಗುವ ಮಾದರಿಗಳು ಬಂದುಬಿಡುತ್ತವೆ. ನಮ್ಮ ರಾಜ್ಯದ ಸಂಗತಿಯೊಂದು ಇದಕ್ಕೆ ಜೊತೆಯಾಗಿತ್ತು. ಎಲೆಕ್ಟ್ರಿಕ್ ವಾಹನಗಳಿಗೆ ಇದ್ದ ತೆರಿಗೆ ವಿನಾಯಿತಿಯನ್ನು ಕರ್ನಾಟಕ 2024ರಲ್ಲಿ ಮೊಟಕುಗೊಳಿಸಿ, ಇಪ್ಪತ್ತೈದು ಲಕ್ಷಕ್ಕೂ ಹೆಚ್ಚು ಬೆಲೆಯವಕ್ಕೆ ಶೇಕಡ 10ರ ಆಜೀವ ತೆರಿಗೆ ವಿಧಿಸಿತು. ಈ ಕಾರು ಅದಕ್ಕೂ ಮೊದಲೇ ನೋಂದಣಿಯಾದದ್ದು, ಹಾಗಾಗಿ ಆ ತೆರಿಗೆಯ ಹೊರೆ ಇದರ ಬೆಲೆಗೆ ಸೇರಿರಲಿಲ್ಲ. ಒಟ್ಟಿನಲ್ಲಿ ಅರವತ್ತು ಲಕ್ಷಕ್ಕೂ ಹೆಚ್ಚಿನ ನಷ್ಟವನ್ನು ಮೊದಲ ಒಡೆಯ ಹೊತ್ತುಕೊಂಡಿದ್ದ. ಅದರ ಲಾಭ ನಮ್ಮ ಮನೆಯ ಬಾಗಿಲಿಗೆ ಬಂದಿತ್ತು.

ಇಲ್ಲಿಯೇ ನನಗೆ ನನ್ನ ಮನಸ್ಸಿನ ಓಟ ವಿಚಿತ್ರವಾಗಿ ಕಂಡಿತು. ಮೂವತ್ತೆಂಟು ಲಕ್ಷ ಎಂಬ ಮೊತ್ತವನ್ನು ನಾನು ನನ್ನ ಪಿಂಚಣಿಯ ಪಕ್ಕದಲ್ಲಿಟ್ಟು ನೋಡುತ್ತಿರಲಿಲ್ಲ, ಅವ್ವನ ಔಷಧದ ಖರ್ಚಿನ ಪಕ್ಕದಲ್ಲಿಟ್ಟೂ ನೋಡುತ್ತಿರಲಿಲ್ಲ. ಆ ಕೋಟಿಯ ಪಕ್ಕದಲ್ಲಿಟ್ಟು ನೋಡುತ್ತಿದ್ದೆ. ಯಾರೋ ಅಪರಿಚಿತರು, ಯಾವುದೋ ಬಡಾವಣೆಯಲ್ಲಿ, ತಮ್ಮ ಜೀವನದ ಅಳತೆಗೆ ತಕ್ಕಂತೆ ಕೊಟ್ಟ ಬೆಲೆ ನನಗೆ ಮಾನದಂಡವಾಗಿತ್ತು. ಉಳಿತಾಯವೆಂದು ನಾವು ಕರೆಯುವುದರಲ್ಲಿ ಎಷ್ಟು ಪಾಲು ನಾವು ಎಂದೂ ಖರ್ಚು ಮಾಡಲು ಉದ್ದೇಶಿಸದೇ ಇದ್ದ ಹಣ! ಹಾಗೆಂದು ಬಯಕೆ ಕೀಳೆಂದು ನಾನು ಹೇಳುವುದಿಲ್ಲ. ಒಳ್ಳೆಯ ವಸ್ತುವನ್ನು ಬಯಸುವುದರಲ್ಲಿ ತಪ್ಪೇನೂ ಇಲ್ಲ. ಆದರೆ ಬಯಕೆಯು ಬಯಕೆಯಾಗಿಯೇ ಎದುರಿಗೆ ನಿಲ್ಲಬೇಕು. ಅದು ಉಳಿತಾಯದ ವೇಷದಲ್ಲೋ ಕರ್ತವ್ಯದ ವೇಷದಲ್ಲೋ ಬಂದರೆ ಅದರೊಂದಿಗೆ ಮಾತಾಡುವುದು ಕಷ್ಟ.

ಮಾರುವವರ ಕಡೆಯವರು ಒಂದು ಭಾನುವಾರ ಕಾರನ್ನು ಮನೆಗೇ ತಂದರು. ಅವ್ವನನ್ನು ಕೂರಿಸಿಕೊಂಡು ಹುಣಸೂರಿನವರೆಗೆ ಹೋಗಿಬಂದೆವು. ಆ ಪ್ರಯಾಣದ ಬಗ್ಗೆ ಇದ್ದದ್ದನ್ನು ಇದ್ದಂತೆ ಹೇಳಬೇಕು, ಏಕೆಂದರೆ ಕಾರಿನ ಪರವಾದ ಅತ್ಯಂತ ಬಲವಾದ ವಾದ ಅಲ್ಲಿತ್ತು. ಹೆದ್ದಾರಿಯ ಏರಿಳಿತಗಳು ಒಳಗೆ ಗೊತ್ತೇ ಆಗಲಿಲ್ಲ. ಪಿರಿಯಾಪಟ್ಟಣ ದಾಟುವಷ್ಟರಲ್ಲಿ ಅವ್ವ ನಿದ್ದೆ ಹೋಗಿದ್ದಳು. ಸೊಂಟದ ನೋವಿನಿಂದಾಗಿ ಯಾವ ವಾಹನದಲ್ಲೂ ಅರ್ಧ ಗಂಟೆ ನೆಟ್ಟಗೆ ಕೂರಲಾಗದೆ, ಒಂದು ಕೈಯಲ್ಲಿ ಬಾಗಿಲ ಮೇಲಿನ ಹಿಡಿಯನ್ನೂ ಇನ್ನೊಂದರಲ್ಲಿ ನನ್ನ ಹೆಂಡತಿಯ ಮೊಣಕೈಯನ್ನೂ ಹಿಡಿದುಕೊಂಡೇ ಮೈಸೂರು ತಲುಪುವವಳು, ಎರಡೂ ಕೈ ಮಡಿಲಲ್ಲಿಟ್ಟು, ಬಾಯಿ ತುಸು ತೆರೆದು ಮಲಗಿದ್ದಳು. ಎಂಜಿನ್ನಿನ ಸದ್ದಿಲ್ಲದ ಆ ಒಳಾಂಗಣದಲ್ಲಿ ಅವಳ ಉಸಿರು ಕೇಳಿಸುತ್ತಿತ್ತು. ಈ ನಿದ್ದೆಗೆ ಬೆಲೆ ಕಟ್ಟುವುದು ಹೇಗೆ? ಸರಳ ಜೀವನದ ಬಗ್ಗೆ ಎಷ್ಟು ಮಾತಾಡಿದರೂ, ತಾಯಿಯ ಮೈಗೆ ಸಿಕ್ಕ ನೆಮ್ಮದಿಯನ್ನು ಐಷಾರಾಮವೆಂದು ಬಗೆದು ಪಕ್ಕಕ್ಕಿಡುವುದು ನನ್ನಿಂದಾಗಲಿಲ್ಲ. ಈಗಲೂ ಆಗುವುದಿಲ್ಲ.

ಮಗನ ಎರಡನೆಯ ವಾದ ಪರಿಸರದ್ದು. ಡೀಸೆಲ್ ಸುಡುವುದನ್ನು ನಿಲ್ಲಿಸಬಹುದಲ್ಲ ಎಂದ. ಇದು ನನಗೆ ತುಂಬ ಇಷ್ಟವಾದ ವಾದ. ಇಷ್ಟವಾದ್ದರಿಂದಲೇ ಪರೀಕ್ಷಿಸಬೇಕೆನಿಸಿತು. ಹಾಳೆಯ ಮೇಲೆ ಲೆಕ್ಕ ಹಾಕಿದೆ. ನಮ್ಮ ಹಳೆಯ ಸಣ್ಣ ಡೀಸೆಲ್ ಕಾರು ಲೀಟರಿಗೆ ಹದಿನೆಂಟು ಕಿಲೋಮೀಟರ್ ಕೊಡುತ್ತದೆ. ವರ್ಷಕ್ಕೆ ಹತ್ತು ಸಾವಿರ ಕಿಲೋಮೀಟರ್ ಓಡಿದರೆ ಸುಮಾರು 555 ಲೀಟರ್. ಒಂದು ಲೀಟರ್ ಡೀಸೆಲ್ ಉರಿದರೆ ಹೆಚ್ಚುಕಡಿಮೆ 2.7 ಕಿಲೋ ಇಂಗಾಲದ ಡೈಆಕ್ಸೈಡ್. ಎಂದರೆ ಒಂದೂವರೆ ಟನ್. ಇನ್ನು ಆ ದೊಡ್ಡ ಕಾರು. ಎರಡೂವರೆ ಟನ್ ತೂಕದ ಗಾಡಿ ನೂರು ಕಿಲೋಮೀಟರಿಗೆ ಇಪ್ಪತ್ತೈದು ಯೂನಿಟ್ ಕರೆಂಟು ಬೇಡುತ್ತದೆ. ವರ್ಷಕ್ಕೆ ಎರಡೂವರೆ ಸಾವಿರ ಯೂನಿಟ್. ನಮ್ಮ ದೇಶದಲ್ಲಿ ವಿದ್ಯುತ್ತಿನ ಬಹುಪಾಲು ಇನ್ನೂ ಕಲ್ಲಿದ್ದಲಿನದು. ಒಂದು ಯೂನಿಟ್ಟಿಗೆ ಸರಾಸರಿ ಸುಮಾರು 0.7 ಕಿಲೋ ಇಂಗಾಲದ ಡೈಆಕ್ಸೈಡ್. ಗುಣಿಸಿದರೆ ಒಂದೂಮುಕ್ಕಾಲು ಟನ್! ಡೀಸೆಲನ್ನು ಶುದ್ಧೀಕರಿಸಿ, ಟ್ಯಾಂಕರಿನಲ್ಲಿ ಸಾಗಿಸುವ ಲೆಕ್ಕವನ್ನೂ ಸೇರಿಸಿದರೆ ಎರಡೂ ಸರಿಸಮ. ಅದೇ ಒಂದು ಸಣ್ಣ ಎಲೆಕ್ಟ್ರಿಕ್ ಕಾರಾದರೆ ಈ ಹೊಗೆಯ ಅರ್ಧ ಸಾಕು. ಆ ಲಾಭವನ್ನು ಇಲ್ಲಿ ಗಾತ್ರವೇ ನುಂಗಿಹಾಕುತ್ತಿತ್ತು.

ಎಲೆಕ್ಟ್ರಿಕ್ ವಾಹನಗಳ ಮೇಲೆ ಅನುಮಾನ ಹುಟ್ಟಿಸುವುದಕ್ಕಾಗಿ ನಾನು ಈ ಲೆಕ್ಕವನ್ನು ಹೇಳುತ್ತಿಲ್ಲ. ಕರ್ನಾಟಕದಲ್ಲಿ ಗಾಳಿ, ಬಿಸಿಲು, ನೀರಿನಿಂದ ಬರುವ ವಿದ್ಯುತ್ತಿನ ಪಾಲು ಬೇರೆ ಹಲವು ರಾಜ್ಯಗಳಿಗಿಂತ ಹೆಚ್ಚು. ಪಾವಗಡದ ಸೌರ ಪಾರ್ಕೊಂದೇ 2,050 ಮೆಗಾವಾಟಿನದು. ಛಾವಣಿಯ ಮೇಲೆ ಸೌರ ಫಲಕ ಹಾಕಿಸಿಕೊಂಡು ಹಗಲಿನಲ್ಲಿ ಚಾರ್ಜ್ ಮಾಡುವವರಿಗೆ ಇದೇ ಲೆಕ್ಕ ಪೂರ್ತಿ ಬೇರೆಯಾಗುತ್ತದೆ. ನಮ್ಮ ಊರ ಪಕ್ಕದಲ್ಲೇ ಹರಿಯುವ ಕಾವೇರಿ 1902ರಲ್ಲಿ ಶಿವನಸಮುದ್ರದಲ್ಲಿ ವಿದ್ಯುತ್ತಾಗಿ ಕೋಲಾರದ ಚಿನ್ನದ ಗಣಿಗೆ ಹರಿದಳು. ಹೊಗೆಯಿಲ್ಲದ ವಿದ್ಯುತ್ತು ನಮಗೆ ಹೊಸದಲ್ಲ. ಎಲೆಕ್ಟ್ರಿಕ್ ಕಾರೂ ಹೊಸದಲ್ಲ. 2001ರಲ್ಲಿ ಬೆಂಗಳೂರಿನಲ್ಲಿ ಚೇತನ್ ಮೈನಿಯವರು ರಸ್ತೆಗಿಳಿಸಿದ ರೇವಾ ಒಂದು ಚಾರ್ಜಿಗೆ ಎಂಬತ್ತು ಕಿಲೋಮೀಟರ್ ಓಡುತ್ತಿತ್ತು. ಹೆಚ್ಚುಕಡಿಮೆ ನಮ್ಮೂರಿಂದ ಮೈಸೂರಿನಷ್ಟು ದೂರ. ಆ ಇಡೀ ಕಾರಿನ ತೂಕ ಏಳುನೂರು ಕಿಲೋದ ಆಸುಪಾಸು. ಈಗ ನಮ್ಮ ಅಂಗಳಕ್ಕೆ ಬಂದಂಥ ಕಾರುಗಳಲ್ಲಿ ಬ್ಯಾಟರಿಯೊಂದೇ ಅಷ್ಟು ತೂಗುತ್ತದೆ. ಇಪ್ಪತ್ತು ವರ್ಷದಲ್ಲಿ ತಂತ್ರಜ್ಞಾನ ಬಹಳ ಮುಂದೆ ಹೋಗಿದೆ, ನಿಜ. ಅದರ ಬೆನ್ನಿಗೇ ನಮ್ಮ ಹಸಿವೂ ಬೆಳೆದಿದೆ.

ಲೆಕ್ಕದ ಹಾಳೆ ಮಡಚುವ ಮೊದಲು ಇನ್ನೊಂದು ಸಾಲನ್ನೂ ಬರೆದೆ. ನಮ್ಮ ಹಿತ್ತಲಿನಲ್ಲಿ ಹೊಗೆಸೊಪ್ಪು ಬೇಯಿಸುವ ಬ್ಯಾರನ್ ಇದೆ. ಅಪ್ಪನ ಕಾಲದಿಂದ ಬಂದ ಪರವಾನಗಿ. ಒಂದು ಕಿಲೋ ಸೊಪ್ಪು ಹದವಾಗಲು ನಾಲ್ಕೈದು ಕಿಲೋ ಸೌದೆ ಉರಿಯುತ್ತದೆ. ನಮ್ಮ ವರ್ಷದ ಒಂದೂವರೆ ಟನ್ ಸೊಪ್ಪೆಂದರೆ ಆರೇಳು ಟನ್ ಸೌದೆ. ಮಳೆಗಾಲದಲ್ಲಿ ಹುಣಸೂರು, ಪಿರಿಯಾಪಟ್ಟಣ, ಎಚ್.ಡಿ. ಕೋಟೆಯ ಯಾವ ಊರಿಗೆ ಹೋದರೂ ಈ ಹೊಗೆಯ ವಾಸನೆ ಇದ್ದೇ ಇರುತ್ತದೆ. ಪರಿಸರಕ್ಕಾಗಿಯೇ ಮೂವತ್ತೆಂಟು ಲಕ್ಷ ಕೊಡುವುದಾದರೆ ಆ ಹಣದ ಮೊದಲ ಹಕ್ಕುದಾರ ರಸ್ತೆಯ ಮೇಲಿನ ಕಾರೋ, ಹಿತ್ತಲಿನ ಒಲೆಯೋ? ಉತ್ತರ ಸ್ಪಷ್ಟವಾಗಿತ್ತು. ಒಲೆಯ ಮುಂದೆ ಮೆತ್ತನೆಯ ಆಸನವಿರುವುದಿಲ್ಲ. ಬಯಕೆಯು ತನಗೆ ಹಿತವಾದ ಒಳಿತನ್ನೇ ಆರಿಸಿಕೊಳ್ಳುತ್ತದೆ ಎಂಬುದನ್ನು ಈ ಒಂದು ಸಾಲು ನನಗೆ ತೋರಿಸಿತು.

ಇದಾದ ಮೇಲೂ ಆ ಕಾರು ಮನಸ್ಸಿನಿಂದ ಹೋಗಲಿಲ್ಲ. ಅವ್ವನ ನಿದ್ದೆಯಿತ್ತಲ್ಲ! ಮನೆಯಲ್ಲಿ ಚಾರ್ಜ್ ಮಾಡಲಾದೀತೇ ಎಂದು ನೋಡಲು ಎಲೆಕ್ಟ್ರಿಷಿಯನ್‌ನನ್ನು ಕರೆಸಿದೆ. ಹೈಸ್ಕೂಲಿನಲ್ಲಿ ನನ್ನ ಕೈಯಲ್ಲೇ ಓದಿದ ಹುಡುಗ. ಅವನು ಮೀಟರ್ ಬೋರ್ಡಿನ ಹತ್ತಿರ ಒಂದು ಹೋಲ್ಡರಿಗೆ ನೂರು ವಾಟ್‌ನ ಹಳೆಯ ಕಾಲದ ಬಲ್ಬು ಸಿಕ್ಕಿಸಿ, ಅದರ ಎರಡು ವೈರುಗಳಲ್ಲಿ ಒಂದನ್ನು ಫೇಸಿಗೂ ಇನ್ನೊಂದನ್ನು ನ್ಯೂಟ್ರಲಿಗೂ ಹಿಡಿದ. ಬಲ್ಬು ಝಗ್ಗನೆ ಹೊತ್ತಿತು. ಆಮೇಲೆ ನ್ಯೂಟ್ರಲಿನ ವೈರನ್ನು ತೆಗೆದು ಅರ್ಥಿಗೆ ಹಿಡಿದ. ಫಿಲಮೆಂಟು ಕೆಂಪಗಾಯಿತೇ ಹೊರತು ಬೆಳಕು ಬರಲಿಲ್ಲ. "ನೆಲ ಒಣಗೋಗಿದೆ ಮೇಷ್ಟ್ರೇ, ಅರ್ಥ್ ಹಿಡೀತಿಲ್ಲ. ಈ ಕಾರು ನಿಮ್ಮನೇಲಿ ಚಾರ್ಜೇ ತಗೊಳಲ್ಲ" ಎಂದ. ಇಂಥ ಕಾರುಗಳು ಪ್ಲಗ್ಗಿಗೆ ಸಿಕ್ಕಿಸಿದೊಡನೆ ಮೊದಲು ಅರ್ಥಿಂಗ್ ಪರೀಕ್ಷಿಸುತ್ತವಂತೆ. ಸರಿಯಿಲ್ಲವೆಂದರೆ ಒಂದು ಯೂನಿಟ್ಟನ್ನೂ ಒಳಗೆ ಬಿಟ್ಟುಕೊಳ್ಳುವುದಿಲ್ಲ.

ಅವನು ಉಳಿದದ್ದನ್ನೂ ಹೇಳಿದ. ಹೊಸ ಗುಂಡಿ ತೋಡಿ, ಪೈಪು ಇಳಿಸಿ, ಇದ್ದಿಲು ಉಪ್ಪುಗಳನ್ನು ಪದರ ಪದರವಾಗಿ ತುಂಬಿ, ಬೇಸಿಗೆಯಲ್ಲಿ ಆಗಾಗ ನೀರು ಹಾಕಬೇಕು. ಸಾಧಾರಣ ಹದಿನೈದು ಆಂಪಿಯರಿನ ಪ್ಲಗ್ಗಿನಲ್ಲಿ ಗಂಟೆಗೆ ಮೂರು ಯೂನಿಟ್ಟಿಗಿಂತ ಹೆಚ್ಚು ಹೋಗುವುದಿಲ್ಲ. ತೊಂಬತ್ತೈದು ಯೂನಿಟ್ ಹಿಡಿಯುವ ಬ್ಯಾಟರಿ ಖಾಲಿಯಾದರೆ ತುಂಬಲು ಮೂವತ್ತು ಗಂಟೆ ದಾಟುತ್ತದೆ. ಬೇಗ ಆಗಬೇಕೆಂದರೆ ಚೆಸ್ಕಾಂಗೆ ಅರ್ಜಿ ಕೊಟ್ಟು ಮನೆಯ ಲೋಡು ಹೆಚ್ಚಿಸಿಕೊಳ್ಳಬೇಕು. ಪಂಪ್‌ಸೆಟ್ಟುಗಳೆಲ್ಲ ಓಡುವ ಹೊತ್ತಿನಲ್ಲಿ ವೋಲ್ಟೇಜು ಹೇಗಿರುತ್ತದೆಂಬುದು ನಮಗೆ ಗೊತ್ತೇ ಇದೆ. ಇವೆಲ್ಲವೂ ಆಗಬಹುದಾದ ಕೆಲಸಗಳೇ. ಅರ್ಥಿಂಗನ್ನಂತೂ ಕಾರು ಬಂದರೂ ಬಾರದಿದ್ದರೂ ಸರಿಪಡಿಸಲೇಬೇಕಿತ್ತು. ಆ ವಾರವೇ ಗುಂಡಿ ತೋಡಿಸಿದೆ.

ಇನ್ನುಳಿದದ್ದು ಬ್ಯಾಟರಿ. ಮಾರುವವರು ಒಂದು ಯಂತ್ರ ಸಿಕ್ಕಿಸಿ, ಬ್ಯಾಟರಿಯ ಆರೋಗ್ಯ ಶೇಕಡ 92 ಎಂದು ತೋರಿಸಿದರು. ಆ ಸಂಖ್ಯೆ ಎಲ್ಲಿಂದ ಬಂತೆಂದು ವಿಚಾರಿಸಿದೆ. ಕಾರಿನೊಳಗಿನ ಕಂಪ್ಯೂಟರು ತನ್ನ ಬಗ್ಗೆ ತಾನೇ ಮಾಡಿಕೊಂಡ ಅಂದಾಜು ಅದು. ಲಿಥಿಯಂ ಬ್ಯಾಟರಿ ಎರಡು ರೀತಿಯಲ್ಲಿ ಮುಪ್ಪಾಗುತ್ತದೆ: ಓಡಿದಷ್ಟೂ ಒಂದು ಸವೆತ, ಸುಮ್ಮನೆ ನಿಂತಿದ್ದರೂ ಇನ್ನೊಂದು. ಬಿಸಿಲಿನಲ್ಲಿ ಪೂರ್ತಿ ತುಂಬಿಸಿ ನಿಲ್ಲಿಸುವುದು, ಪದೇ ಪದೇ ಅತಿ ವೇಗದ ಚಾರ್ಜರಿಗೆ ಹಾಕುವುದು ಆ ಮುಪ್ಪನ್ನು ಬೇಗ ತರುತ್ತವೆ. ಹಿಂದಿನ ಒಡೆಯ ಹೇಗೆ ನಡೆಸಿಕೊಂಡಿದ್ದನೆಂಬುದನ್ನು ನೋಡಿ ತಿಳಿಯುವಂತಿಲ್ಲ, ಮುಟ್ಟಿ ತಿಳಿಯುವಂತಿಲ್ಲ. ಕುಶಾಲನಗರದಲ್ಲಿ ನಮ್ಮ ಹಳೆಯ ಕಾರನ್ನು ನೋಡಿಕೊಳ್ಳುವ ಮೆಕ್ಯಾನಿಕ್ ಬಾನೆಟ್ಟಿನ ಮೇಲೆ ಅಂಗೈಯಿಟ್ಟು, ತಲೆ ಬಾಗಿಸಿ, ಎಂಜಿನ್ನಿನ ಸದ್ದು ಕೇಳಿಯೇ ಯಾವ ಇಂಜೆಕ್ಟರ್ ಹೋಗಿದೆ ಎನ್ನಬಲ್ಲ. ಅವನನ್ನು ಈ ಕಾರಿನ ಮುಂದೆ ನಿಲ್ಲಿಸಿದಾಗ ಸುತ್ತ ಒಂದು ಸಲ ನಡೆದುಬಂದು, "ಇದು ನಮ್ ಕೈ ಮೀರಿದ್ದು ಸಾರ್" ಎಂದು ಕೈಕಟ್ಟಿ ನಿಂತ. ಎಂಟು ವರ್ಷ ಅಥವಾ 1,60,000 ಕಿಲೋಮೀಟರುಗಳ ವಾರಂಟಿಯಲ್ಲಿ ಅರ್ಧ ಅವಧಿ ಉಳಿದಿತ್ತು. ಆದರೆ ಆ ಬ್ಯಾಟರಿಯನ್ನು ಬಿಚ್ಚಬಲ್ಲವರು ಇದ್ದದ್ದು ಇನ್ನೂರಿಪ್ಪತ್ತು ಕಿಲೋಮೀಟರ್ ಆಚೆ, ಬೆಂಗಳೂರಿನಲ್ಲಿ. ವಾರಂಟಿ ಮುಗಿದ ಮೇಲೆ ಹೊಸ ಬ್ಯಾಟರಿಯೆಂದರೆ ಹಲವು ಲಕ್ಷಗಳ ಮಾತು.

ನನ್ನ ಹೆಂಡತಿ ಇಡೀ ವಿಚಾರಕ್ಕೆ ಹೆಚ್ಚು ಹೊತ್ತು ಕೊಡಲಿಲ್ಲ. ನಮ್ಮ ಪಕ್ಕದಲ್ಲೇ ದುಬಾರೆಯ ಆನೆ ಶಿಬಿರ ಇರುವುದರಿಂದ ಅವಳ ಮಾತೂ ಅಲ್ಲಿಂದಲೇ ಬಂತು. "ಆನೆ ತಂದ್ಬಿಡಬಹುದು ರೀ. ಮಾವುತ, ಕಾವಾಡಿ ಇಬ್ಬರನ್ನೂ ಎಲ್ಲಿಂದ ತರ್ತೀರಿ?"

ಆ ಪ್ರಶ್ನೆ ನನ್ನ ಯೋಚನೆಯ ದಿಕ್ಕನ್ನೇ ತಿರುಗಿಸಿತು. ಕೊಳ್ಳುವ ಶಕ್ತಿ ಇದೆಯೇ ಎಂದು ನಾನು ಅಷ್ಟು ದಿನ ಕೇಳಿಕೊಂಡಿದ್ದೆ. ಕೊಳ್ಳುವುದು ನೈತಿಕವೇ ಎಂದೂ ಕೇಳಿಕೊಂಡಿದ್ದೆ. ಸಾಕುವ ಶಕ್ತಿ ಇದೆಯೇ ಎಂದು ಕೇಳಿರಲಿಲ್ಲ. ಸಾಕುವುದೆಂದರೆ ಖರ್ಚು ತೂಗಿಸುವುದಷ್ಟೇ ಅಲ್ಲ. ಒಂದು ವಸ್ತುವಿಗೆ ಏನಾದರೂ ಆದಾಗ ಅದರ ನೋವು ತಿಳಿಯುವ ಕೈ ಹತ್ತಿರದಲ್ಲಿರಬೇಕು. ಅದು ನನ್ನ ಕೈಯಾಗಿರಬೇಕೆಂದಿಲ್ಲ. ಕರೆದರೆ ಸಂಜೆಯೊಳಗೆ ಬರಬಲ್ಲ ಕೈಯಾಗಿದ್ದರೆ ಸಾಕು. ಹಾಗಿಲ್ಲದ ಒಡೆತನದಲ್ಲಿ ಹೆಸರು ಮಾತ್ರ ನಮ್ಮದು, ವಸ್ತುವಿನ ಜೀವ ಬೇರೆಯವರ ಬಳಿ. ಬೆಲೆ ಎಷ್ಟೇ ಇಳಿದರೂ ಆ ಕಾರಿನ ಸಾಕಣೆ ಕೋಟಿಯ ಅಳತೆಯಲ್ಲೇ ಉಳಿದಿತ್ತು. ಅದರ ಟೈರಿಗೆ, ಗಾಜಿಗೆ ತಾನು ಹಳೆಯದೆಂಬುದು ಗೊತ್ತಿರಲಿಲ್ಲ.

ಸಾಕುವುದಕ್ಕೆ ಮತ್ತೊಂದು ಮುಖವಿದೆ. ಅದು ನನಗೆ ಹೊಳೆದದ್ದು ಒಂದು ರಾತ್ರಿ, ಎದುರು ಮನೆಯ ಹುಡುಗ ಬಂದು ಬಾಗಿಲು ಬಡಿದಾಗ. ಅವನ ಹೆಂಡತಿಗೆ ಹೆರಿಗೆ ನೋವು ಶುರುವಾಗಿತ್ತು. ನಾನು ಏನೂ ಕೇಳದೆ ಗೂಡಿನಲ್ಲಿದ್ದ ಕೀಲಿ ತೆಗೆದುಕೊಟ್ಟೆ. ಅವನು ಕಾರು ತೆಗೆದ, ಅವರು ಕುಶಾಲನಗರದ ಆಸ್ಪತ್ರೆಗೆ ಹೋದರು. ಇದು ನಮ್ಮ ಬೀದಿಯಲ್ಲಿ ವಿಶೇಷದ ಸಂಗತಿಯಲ್ಲ. ಹಾವು ಕಚ್ಚಿದಾಗ, ಯಾರೋ ಬ್ಯಾರನ್ನಿನ ಅಟ್ಟದಿಂದ ಬಿದ್ದಾಗ, ಮದುವೆಗೆ ಹೂವು ತರಬೇಕಾದಾಗ ಆ ಕೀಲಿ ಬೇರೆ ಬೇರೆ ಕೈಗಳಿಗೆ ಹೋಗಿದೆ. ಕಾರಿನ ಎಡಬದಿಯ ಉದ್ದದ ಗೀರು ಯಾರಿಂದ ಆಯಿತೆಂದು ನನಗೆ ಗೊತ್ತಿಲ್ಲ, ಕೇಳಲೂ ಇಲ್ಲ. ಬಾಗಿಲು ಹಾಕಿ ಮತ್ತೆ ಮಲಗಿದಾಗ ನಿದ್ದೆ ಬರಲಿಲ್ಲ. ಆ ಇನ್ನೊಂದು ಕಾರಿನ ಕೀಲಿಯನ್ನು ನಾನು ಹೀಗೆ ಕೊಡಬಲ್ಲೆನೇ?

ಕೊಡುವುದಿಲ್ಲ ಎಂಬುದು ನನಗೆ ಆ ಕತ್ತಲಲ್ಲಿ ಖಚಿತವಾಗಿತ್ತು. ಕೊಟ್ಟರೂ ಅವನು ತೆಗೆದುಕೊಳ್ಳುತ್ತಿರಲಿಲ್ಲ. ಬಾಗಿಲು ಬಡಿಯುವ ಮೊದಲೇ ಬೇರೆ ಮನೆ ನೆನೆಸಿಕೊಳ್ಳುತ್ತಿದ್ದ. ನಾನೇ ಎದ್ದು ಓಡಿಸಿಕೊಂಡು ಹೋಗಬಹುದಿತ್ತು, ಹೋಗುತ್ತಿದ್ದೆ ಕೂಡ. ಆದರೆ ಅದು ಉಪಕಾರ. ಈಗ ನಡೆದದ್ದು ಉಪಕಾರವಲ್ಲ. ಅವನು ಮರುದಿನ ಬಂದು ಕೃತಜ್ಞತೆ ಹೇಳುವುದಿಲ್ಲ, ನಾನು ನಿರೀಕ್ಷಿಸುವುದೂ ಇಲ್ಲ. ಬೀದಿಯ ಬದುಕು ಇಂಥ ಲೆಕ್ಕವಿಡದ ಕೊಡುಕೊಳ್ಳುವಿಕೆಯ ಮೇಲೆ ನಿಂತಿದೆ. ತೀರ ಬೆಲೆಬಾಳುವ ಒಂದು ವಸ್ತು ನಡುವೆ ಬಂದರೆ, ಯಾರ ತಪ್ಪೂ ಇಲ್ಲದೆ, ಆ ಕೊಡುಕೊಳ್ಳುವಿಕೆ ನಿಲ್ಲುತ್ತದೆ. ಶ್ರೀಮಂತಿಕೆಯ ಬಗ್ಗೆ ನನಗಿರುವ ಅಳುಕು ಅಸೂಯೆಯಿಂದ ಬಂದದ್ದಲ್ಲ ಎಂದು ಅಂದು ತಿಳಿಯಿತು. ಅದು ಬಾಗಿಲು ಬಡಿಯುವ ಸದ್ದು ನಿಂತುಹೋದೀತೆಂಬ ಅಳುಕು.

ವೈಭವವೇ ಬೇಡವೆನ್ನುವ ಊರು ನಮ್ಮದಲ್ಲ. ಬೈಲಕುಪ್ಪೆಯೆಂದರೆ ಹೊರಗಿನವರಿಗೆ ನೆನಪಾಗುವುದೇ ನಮ್ಡ್ರೋಲಿಂಗ್ ಮಠದ ಚಿನ್ನದ ದೇವಾಲಯ. 1999ರಲ್ಲಿ ತೆರೆದ ಆ ಮಂದಿರದಲ್ಲಿ ಸುಮಾರು ಅರವತ್ತು ಅಡಿ ಎತ್ತರದ ಮೂರು ಮೂರ್ತಿಗಳು ಬಂಗಾರದ ಹೊಳಪಿನಲ್ಲಿ ಕುಳಿತಿವೆ. ತಮ್ಮದೆನ್ನಲು ಒಂದೆರಡು ನಿಲುವಂಗಿ, ಒಂದು ಬಟ್ಟಲು ಇರುವ ಭಿಕ್ಷುಗಳು ಆ ಹೊಳಪಿನ ಕೆಳಗೆ ಕೂತು ಪಠಿಸುತ್ತಾರೆ. ವೈರಾಗ್ಯದ ಮನೆಯಲ್ಲಿ ಇಷ್ಟು ಬಂಗಾರವೇಕೆಂದು ಹಲವರು ನನ್ನನ್ನು ಕೇಳಿದ್ದಾರೆ. ನಾನು ಕಂಡುಕೊಂಡ ಮಟ್ಟಿಗೆ ಅಲ್ಲಿ ವಿರೋಧವಿಲ್ಲ. ಅದು ಎಲ್ಲರಿಗೂ ಸೇರಿದ್ದು, ಎಲ್ಲರೂ ಕೂಡಿ ಗುಡಿಸಿ ಒರೆಸುವುದು, ಬಸ್ಸಿಳಿದು ಬಂದ ಯಾರು ಬೇಕಾದರೂ ಒಳಗೆ ಹೋಗಿ ತಲೆಯೆತ್ತಿ ನೋಡಬಹುದಾದದ್ದು. ಆ ಸೊಬಗನ್ನು ಸಾಕುವ ಸಾವಿರ ಕೈಗಳು ಅಲ್ಲಿವೆ.

ಆ ಮಠಕ್ಕಿಂತ ಹೆಚ್ಚಾಗಿ ನನ್ನನ್ನು ಯೋಚನೆಗೆ ಹಚ್ಚಿದವರು ನಮ್ಮ ಹೊಲದ ಬದುವಿನಾಚೆಯ ಟಿಬೆಟನ್ ಹಿರಿಯರೊಬ್ಬರು. ಅಂದಿನ ಮೈಸೂರು ರಾಜ್ಯ ಕೊಟ್ಟ ಮೂರು ಸಾವಿರ ಎಕರೆಯಷ್ಟು ಕಾಡು ನೆಲದಲ್ಲಿ 1960-61ರಲ್ಲಿ ಟಿಬೆಟನ್ನರ ಮೊದಲ ವಸಾಹತು ಏಳುವಾಗ ಅವರು ಅಪ್ಪನ ಬೆನ್ನ ಮೇಲೆ ಬಂದ ಮಗು. ಗುಡಾರದಲ್ಲಿ ಬೆಳೆದು, ಕಾಡು ಕಡಿಯುವುದನ್ನು ನೋಡಿ, ಆನೆಗೆ ಹೆದರಿ, ನಮ್ಮೂರ ಸಂತೆಯಲ್ಲಿ ಕನ್ನಡ ಕಲಿತರು. ಚಳಿಗಾಲ ಬಂದರೆ ಸ್ವೆಟರ್ ಮಾರಲು ದೂರದೂರಿಗೆ ಹೋಗುತ್ತಿದ್ದರು, ಉಳಿದ ಕಾಲದಲ್ಲಿ ಜೋಳ. ಅವರು ಉಳುವ ನೆಲ ಗುತ್ತಿಗೆಯದು. ಅರವತ್ತು ವರ್ಷ ಉತ್ತರೂ ಅದನ್ನು ಮಾರುವಂತಿಲ್ಲ. ಅದೇ ನೆಲದ ಬದುವಿನ ಮೇಲೆ ಅವರು ನೆಟ್ಟ ಮರಗಳು ಈಗ ಅಪ್ಪುಗೆಗೆ ಸಿಗುವುದಿಲ್ಲ. ನಾನು ಕಾರಿನ ವಿಷಯ ಹೇಳಿದಾಗ ಅವರು ಬೆಲೆ ಕೇಳಲಿಲ್ಲ. "ಎಲ್ಲಿ ನಿಲ್ಲಿಸ್ತೀರಿ ಮೇಷ್ಟ್ರೇ?" ಎಂದು ಕೇಳಿದರು. ಬ್ಯಾರನ್ನಿನ ಪಕ್ಕದ ಕೊಟ್ಟಿಗೆ ತೆರವು ಮಾಡಿಸಬೇಕು ಎಂದೆ. "ಹಸು?" ಎಂದರು. ಅಷ್ಟೇ ನಮ್ಮ ನಡುವಿನ ಮಾತು.

ನನ್ನದಲ್ಲದ್ದನ್ನೂ ಇಷ್ಟು ಚೆನ್ನಾಗಿ ಸಾಕಬಹುದು ಎಂಬುದಕ್ಕೆ ಅವರ ಬದು ಸಾಕ್ಷಿ. ನನ್ನದಾದದ್ದನ್ನು ನನ್ನಿಂದ ಸಾಕಲಾಗದೆ ಹೋಗಬಹುದು ಎಂಬುದಕ್ಕೆ ಆ ಕಾರು ಸಾಕ್ಷಿಯಾಗಲಿತ್ತು. ಇವೆರಡರ ನಡುವೆ ನಿಂತಾಗ ಒಡೆತನದ ಬಗ್ಗೆ ನಾನು ಮೇಷ್ಟ್ರಾಗಿ ಹೇಳಿಕೊಟ್ಟ ಪಾಠಗಳು ತೆಳುವಾಗಿ ಕಂಡವು. ಶ್ರವಣಬೆಳಗೊಳದ ನಾಡಿನವರಾದ ನಮಗೆ ಅಪರಿಗ್ರಹ ಎಂಬ ಮಾತು ಪರಿಚಿತ. ಜೈನ ಧರ್ಮ ಮುನಿಗಳಿಗೆ ಎಲ್ಲವನ್ನೂ ಬಿಡಲು ಹೇಳುತ್ತದೆ. ಗೃಹಸ್ಥರಿಗೆ ಹೇಳುವುದು ಅದನ್ನಲ್ಲ. ನಿನ್ನ ವಸ್ತುಗಳಿಗೆ ನೀನೇ ಒಂದು ಮಿತಿ ಹಾಕಿಕೋ ಎನ್ನುತ್ತದೆ. ಆ ವ್ರತದ ಹೆಸರು ಪರಿಗ್ರಹ ಪರಿಮಾಣ. ಅದರಲ್ಲಿ ನಾನು ಮೆಚ್ಚುವುದು ಮಿತಿಯನ್ನು ಮೊದಲೇ ಹಾಕಿಕೊಳ್ಳಬೇಕೆಂಬ ವಿವೇಕವನ್ನು, ವಸ್ತು ಎದುರಿಗೆ ಬಂದು ನಿಲ್ಲುವ ಮೊದಲು. ಎದುರಿಗೆ ಬಂದ ಮೇಲೆ ಮಿತಿಯು ಆ ವಸ್ತುವಿನ ಅಳತೆಗೇ ಹಿಗ್ಗುತ್ತದೆ. ನಾನು ವ್ರತ ತೊಟ್ಟವನಲ್ಲ. ಎಷ್ಟು ಎಕರೆ, ಎಷ್ಟು ತೊಲ ಎಂದು ಸಂಖ್ಯೆಯಲ್ಲಿ ಮಿತಿ ಹಾಕಿಕೊಳ್ಳುವ ಬಲವೂ ನನಗಿಲ್ಲ. ಆದರೆ ಸಾಕಬಲ್ಲಷ್ಟು ಎಂಬ ಮಿತಿ ನನಗೆ ಅರ್ಥವಾಗುತ್ತದೆ. ಹಸುವಿನ ವಿಷಯದಲ್ಲಿ, ಹೊಲದ ವಿಷಯದಲ್ಲಿ ನಮ್ಮ ಮನೆಯವರು ತಲೆಮಾರುಗಳಿಂದ ಅದೇ ಮಿತಿಯಲ್ಲಿ ಬದುಕಿದ್ದಾರೆ. ಯಂತ್ರಗಳಿಗೆ ಅದನ್ನು ಅನ್ವಯಿಸಬೇಕೆಂದು ಯಾರೂ ಯೋಚಿಸಿರಲಿಲ್ಲ. ಯಂತ್ರಗಳನ್ನು ಊರಿನಲ್ಲೇ ರಿಪೇರಿ ಮಾಡಲು ಬರುತ್ತಿದ್ದುದರಿಂದ ಆ ಅಗತ್ಯ ಬಿದ್ದಿರಲಿಲ್ಲ.

ಕಾರು ಬೇಡವೆಂದು ಮಗನಿಗೆ ಹೇಳಿದೆ. ಎರಡು ದಿನ ಬಿಟ್ಟು ಮಾರುವವರು ಬೆಲೆಯನ್ನು ಇನ್ನೂ ಎರಡು ಲಕ್ಷ ಇಳಿಸಿದರು. ಮನಸ್ಸು ಮತ್ತೊಮ್ಮೆ ಅತ್ತ ಹೊರಳಿತು, ಎರಡು ಲಕ್ಷ ಗಳಿಸಿದೆನೆಂಬ ಹಾಗೆ. ಈ ಸಲ ಹೊರಳಿದ್ದು ನನಗೆ ತಿಳಿಯಿತು. ತಿಳಿದದ್ದರಿಂದ ಹಿಂದಕ್ಕೆ ಬರುವುದು ಸುಲಭವಾಯಿತು.

ಮಗ ಇದನ್ನು ಒಪ್ಪಿಲ್ಲ. ಅವನ ವಾದಕ್ಕೆ ನನ್ನಲ್ಲಿ ಪೂರ್ಣ ಉತ್ತರವೂ ಇಲ್ಲ. ತಯಾರಿಸುವಾಗ ಆಗಬೇಕಾದ ಹಾನಿಯೆಲ್ಲ ಆಗಿಹೋಗಿದೆ, ಗಣಿಯಿಂದ ಲಿಥಿಯಂ ತೆಗೆದಾಗಿದೆ, ಉಕ್ಕು ಅಲ್ಯುಮಿನಿಯಂ ಕರಗಿಸಿಯಾಗಿದೆ. ಇನ್ನು ಹದಿನೈದು ವರ್ಷ ಬಾಳಬಲ್ಲ ಗಾಡಿಯನ್ನು ಎಲ್ಲರೂ ಹೀಗೆ ಬೇಡವೆಂದರೆ ಅದು ಗುಜರಿಗೆ ಹೋಗುತ್ತದೆ, ಅದು ಯಾವ ಪರಿಸರ ಪ್ರೀತಿ ಎಂದು ಕೇಳುತ್ತಾನೆ. ಈ ಮಾತು ಸರಿ. ಮೈಸೂರಿನಲ್ಲೋ ಬೆಂಗಳೂರಿನಲ್ಲೋ ಮನೆಯಿದ್ದು, ಛಾವಣಿಯ ಮೇಲೆ ಸೌರ ಫಲಕವಿದ್ದು, ಕಾರ್ಯಾಗಾರ ಹತ್ತಿರವಿರುವವರು ಅದನ್ನು ಕೊಂಡರೆ ಒಳ್ಳೆಯ ಕೆಲಸವನ್ನೇ ಮಾಡಿದಂತಾಗುತ್ತದೆ. ಅಲ್ಲಿ ಆ ಕಾರನ್ನು ಸಾಕುವ ಕೈಗಳಿವೆ. ಹತ್ತು ವರ್ಷ ಕಳೆದರೆ ಕುಶಾಲನಗರದ ಮೆಕ್ಯಾನಿಕ್ಕಿನ ಮಗನೂ ಬ್ಯಾಟರಿ ಬಿಚ್ಚುವುದನ್ನು ಕಲಿತಿರಬಹುದು, ಆಗ ನನ್ನ ವಾದವೇ ಬಿದ್ದುಹೋಗುತ್ತದೆ. ಬಿದ್ದುಹೋಗಲಿ ಎಂದೇ ನನ್ನ ಹಾರೈಕೆ.

ಅವ್ವನ ಬೆನ್ನಿನ ಪ್ರಶ್ನೆ ಹಾಗೆಯೇ ಉಳಿದಿದೆ. ಹಳೆಯ ಕಾರಿನ ಹಿಂದಿನ ಆಸನವನ್ನು ಬಿಚ್ಚಿಸಿ, ಹೊಸ ಸ್ಪಂಜು ಹಾಕಿಸಿ, ಸೊಂಟಕ್ಕೆ ಆನಿಕೆ ಬರುವಂತೆ ಕುಶಾಲನಗರದಲ್ಲಿ ಹೊಲಿಸಿದ್ದೇವೆ; ಮೊದಲಿಗಿಂತ ವಾಸಿ ಎನ್ನುತ್ತಾಳೆ, ಆದರೆ ನಿದ್ದೆ ಹೋಗುವುದಿಲ್ಲ. ಒಂದು ಸಣ್ಣ ಎಲೆಕ್ಟ್ರಿಕ್ ಕಾರನ್ನು ನೋಡುವ ಯೋಚನೆಯಿದೆ. ಯುಗಾದಿಗೆ ಮಗ ಬಂದಾಗ ಅವಳನ್ನು ಕೂರಿಸಿಕೊಂಡೇ ಹೋಗಿ ಓಡಿಸಿ ನೋಡಬೇಕು.